ಅರವತ್ತಕ್ಕೆ ಮೊದಲೇ ಅರಳು ಮರಳು: ಮನೆಯವರ ಪಾಡೇನು?

ಅರವತ್ತಕ್ಕೆ ಅರಳು ಮರಳು ಅನ್ನುವುದು ಹಳೇ ಮಾತು. ಐವತ್ತೈದಕ್ಕೇ ಮರೆವು ಗಂಟುಬಿದ್ದರೆ? ಗಲ್ಲಾದ ಮೇಲೆ ಕೂತ ಯಜಮಾನರು ಐವತ್ತರ ನೋಟಿಗೆ ಎಂಬತ್ತು ಚಿಲ್ಲರೆ ಕೊಡುತ್ತಾರೆ. ಒಂದೇ ಮಾಲಿಗೆ ಎರಡು ಸಲ ದುಡ್ಡು ಕೊಟ್ಟು ಕಳಿಸುತ್ತಾರೆ. ಇಪ್ಪತ್ತು ವರ್ಷದ ಗಿರಾಕಿಯ ಹೆಸರು ನಾಲಿಗೆಗೆ ಬಾರದು. ಪೇಟೆಯವರು ಮೊದಲು ನಗುತ್ತಾರೆ. ಆಮೇಲೆ 'ಕುಡಿಯೋದು ಕಲಿತಿರಬೇಕು ಕಣ್ರೀ' ಅಂತ ಗುಸುಗುಸು. ಮಗ 'ಗಮನ ಎಲ್ಲಿಟ್ಟಿದ್ದೀಯಪ್ಪಾ' ಅಂತ ರೇಗುತ್ತಾನೆ.

ಇದು ಕಾಯಿಲೆ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಡಾಕ್ಟರುಗಳು ಇದನ್ನು ಡಿಮೆನ್ಷಿಯಾ ಅನ್ನುತ್ತಾರೆ. ಬರೀ ಮುದುಕರಿಗೆ ಬರುವುದು ಅನ್ನುವುದು ತಪ್ಪು. ಇದರಲ್ಲಿ ಮುಖ್ಯವಾದ ಬಗೆಗೆ ಹೆಸರು ಬಂದದ್ದು ಜರ್ಮನಿಯ ಡಾಕ್ಟರ್ ಆಲ್ಝೈಮರ್ ಅವರಿಂದ. 1901ರಲ್ಲಿ ಅವರು ನೋಡಿದ ಆ ಮೊದಲ ರೋಗಿ ಹೆಂಗಸಿಗೆ ವಯಸ್ಸು 51!

ಮೊದಲು ಪರೀಕ್ಷೆ

ಮರೆತದ್ದೆಲ್ಲ ಈ ರೋಗವಲ್ಲ. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಮನಸ್ಸಿನ ಖಿನ್ನತೆ ಇದ್ದರೂ ಹೀಗಾಗುತ್ತದೆ. ಅವಕ್ಕೆ ಔಷಧ ಇದೆ. ಆದ್ದರಿಂದ ದೇವರಿಗೆ ಹರಕೆ ಹೊತ್ತರೂ ಸರಿ, ಜಿಲ್ಲಾ ಆಸ್ಪತ್ರೆಗೂ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕಾಸಿಲ್ಲದೆ ಸಲಹೆ ಸಿಗುತ್ತದೆ. ರೋಗಿಯ ಮನೆಯವರೂ ಮಾಡಬಹುದು. ಡಿಮೆನ್ಷಿಯಾ ಅಂತಲೇ ಗೊತ್ತಾದರೆ ವಾಸಿಮಾಡುವ ಮದ್ದಿಲ್ಲ, ಸಂಭಾಳಿಸುವ ದಾರಿ ಇದೆ.

ಬುದ್ಧಿ ನೆಟ್ಟಗಿರುವಾಗಲೇ ಬ್ಯಾಂಕು, ನಾಮಿನಿ, ಉಯಿಲು, ಅಂಗಡಿ ಲೈಸೆನ್ಸು ಎಲ್ಲ ಸರಿಮಾಡಿಕೊಳ್ಳಬೇಕು. ತಿಳಿವಳಿಕೆ ತಪ್ಪಿದ ಮೇಲೆ ಹಾಕಿಸಿಕೊಂಡ ಸಹಿ ಕೋರ್ಟಿನಲ್ಲಿ ನಿಲ್ಲದು.

ಎಲ್ಲಾ ಸೊಸೆಯ ತಲೆಗೇ?

ನಮ್ಮ ಕಡೆ ಆಗುವುದು ಹೀಗೆ: ಮಗ ಅಂಗಡಿಗೆ, ಮಗಳು ಗಂಡನ ಮನೆಗೆ, ಉಳಿದದ್ದೆಲ್ಲ ಸೊಸೆಗೆ. ರಾತ್ರಿ ಎರಡು ಗಂಟೆಗೆ ಎದ್ದು 'ಅಂಗಡಿ ಬಾಗಿಲು ತೆಗೀಬೇಕು' ಅಂತ ಹೊರಟ ಮಾವನನ್ನು ಒಳಗೆ ಕರೆತರುವವಳು ಅವಳು. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವವಳೂ ಅವಳೇ. ವರ್ಷ ಕಳೆಯುವುದರೊಳಗೆ ಹಾಸಿಗೆ ಹಿಡಿಯುವವಳೂ ಅವಳೇ ಆದರೆ ಮನೆಯ ಗತಿ?

ಸರದಿ ಹಾಕಿಕೊಳ್ಳಬೇಕು. ವಾರಕ್ಕೆರಡು ರಾತ್ರಿ ಮಗ, ತಿಂಗಳಿಗೆ ನಾಲ್ಕು ದಿನ ಮಗಳು. ಬರಲಾಗದವರು ಆಳಿನ ಸಂಬಳ ಕೊಡಲಿ. ಎಸ್ಸೆಸ್ಸೆಲ್ಸಿ ಓದುವ ಮೊಮ್ಮಗಳಿಗೆ ಬಾಗಿಲು ಹಾಕಿಕೊಳ್ಳುವ ಒಂದು ಮೂಲೆ ಇರಲಿ. 'ತಾತನಿಗೆ ಹುಚ್ಚಲ್ಲ, ಕಾಯಿಲೆ' ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕು. ಗಂಡಹೆಂಡತಿ ತಿಂಗಳಿಗೊಮ್ಮೆ ಸಿನಿಮಾಕ್ಕೆ ಹೋದರೆ ಅದೇನು ಅಪ್ಪನಿಗೆ ಬಗೆದ ದ್ರೋಹವಲ್ಲ. ನೋಡುವವರು ನೆಟ್ಟಗಿದ್ದರೇ ರೋಗಿಗೂ ನೆಮ್ಮದಿ.

ಸರಕಾರದ ಲೆಕ್ಕ

ಸರಕಾರಿ ಬಸ್ಸಿನಲ್ಲಿ ಹಿರಿಯರ ರಿಯಾಯಿತಿ 60ಕ್ಕೆ. ಹಿರಿಯರ ಸಹಾಯವಾಣಿ 14567, ಅದೂ 60 ದಾಟಿದವರಿಗೆ. ಸಂಧ್ಯಾ ಸುರಕ್ಷಾ ಪಿಂಚಣಿ 65ಕ್ಕೆ. ದುಡಿಯುವ ವಯಸ್ಸಿನಲ್ಲೇ ಸಂಪಾದನೆ ನಿಂತ 55ರ ಮನುಷ್ಯ ಎಲ್ಲಿಗೆ ಹೋಗಬೇಕು? ರೋಗ ವಯಸ್ಸು ಕೇಳಿ ಬರುವುದಿಲ್ಲ. ಕಚೇರಿ ಮಾತ್ರ ಮೊದಲು ವಯಸ್ಸನ್ನೇ ಕೇಳುತ್ತದೆ.

ಊರಿನವರೂ ಒಂದು ಕೈ ಕೊಡಬಹುದು. ಮನೆಯವರು ರೋಗಿಯ ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇಡಲಿ, ಅಕ್ಕಪಕ್ಕದ ಅಂಗಡಿಗೂ ತಿಳಿಸಿರಲಿ. ಇಸ್ತ್ರಿ ಬಟ್ಟೆ ತೊಟ್ಟ ಗಟ್ಟಿಮುಟ್ಟಾದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ 'ನಮ್ಮೂರ ಬಸ್ ಯಾವುದು' ಅಂತ ನಾಲ್ಕು ಸಲ ಕೇಳಿದರೆ ಕುಡುಕ ಅಂತ ಬೈಯಬೇಡಿ. ಕೂರಿಸಿ ನೀರು ಕೊಡಿ, ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಿ.