ಗೇಮಿಂಗ್ ಹೆಡ್‌ಫೋನ್ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ: ದುಡ್ಡೂ ಉಳಿಯುತ್ತೆ, ಕಿವಿಯೂ ಉಳಿಯುತ್ತೆ

"ಅಣ್ಣಾ, ಗೇಮಿಂಗ್ ಹೆಡ್‌ಫೋನ್ ತೋರ್ಸಿ."

ಸಂಜೆ ಹೊತ್ತು ಬಸ್ ಸ್ಟ್ಯಾಂಡ್ ಸುತ್ತಮುತ್ತಲ ಯಾವ ಮೊಬೈಲ್ ಅಂಗಡಿ ಮುಂದೆ ನಿಂತ್ರೂ ಈ ಮಾತು ಕಿವಿಗೆ ಬೀಳುತ್ತೆ. ಕೇಳೋದು ಪಿಯುಸಿ, ಐಟಿಐ, ಡಿಗ್ರಿ ಓದೋ ಹುಡುಗರು. ಪಕ್ಕದಲ್ಲಿ ದುಡ್ಡು ಕೊಡೋಕೆ ಬಂದ ಅಪ್ಪ. ಅಂಗಡಿಯವರು ಬಣ್ಣಬಣ್ಣದ ಲೈಟ್ ಉರಿಯೋ ನಾಲ್ಕು ಬಾಕ್ಸ್ ಮುಂದಿಡ್ತಾರೆ. ಮಗ ಲೈಟ್ ನೋಡ್ತಾನೆ, ಅಪ್ಪ ರೇಟ್ ನೋಡ್ತಾರೆ. ಆಟಕ್ಕೆ ನಿಜವಾಗಿ ಬೇಕಾಗಿದ್ದು ಏನು ಅನ್ನೋ ಮಾತು ಅಲ್ಲಿ ಬರೋದೇ ಇಲ್ಲ.

ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ವ್ಯಾಲೊರಂಟ್ ತರಹದ ಆಟವನ್ನು ಟೈಂಪಾಸ್‌ಗೆ ಆಡೋರಿಗೆ ಯಾವ ಹೆಡ್‌ಫೋನ್ ಆದ್ರೂ ನಡೆಯುತ್ತೆ. ಆದರೆ ಟೀಮ್ ಕಟ್ಟಿಕೊಂಡು ಟೂರ್ನಮೆಂಟ್‌ಗೆ ಇಳಿಯೋರಿಗೆ ಮೂರು ವಿಷಯ ಸರಿ ಇರಲೇಬೇಕು. ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗಬೇಕು. ಸದ್ದು ತಡವಾಗದೆ ಬರಬೇಕು. ನಿಮ್ಮ ಮಾತು ಟೀಮಿನವರಿಗೆ ಸ್ಪಷ್ಟವಾಗಿ ಕೇಳಬೇಕು. ಈ ಮೂರನ್ನೂ ಕಡಿಮೆ ದುಡ್ಡಲ್ಲಿ ಕೊಡೋದು ಸಾಮಾನ್ಯ ವೈರ್ ಹೆಡ್‌ಫೋನ್. ಯಾಕೆ ಅಂತ ಒಂದೊಂದಾಗಿ ನೋಡೋಣ.

ದಿಕ್ಕು ಹೇಗೆ ಗೊತ್ತಾಗುತ್ತೆ?

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಹೋಗುತ್ತೆ. ಎಡಗಡೆ ಯಾರಾದ್ರೂ ನಡೆದ್ರೆ ಆ ಸದ್ದು ಮೊದಲು ಎಡಗಿವಿಗೆ, ಆಮೇಲೆ ಬಲಗಿವಿಗೆ ಮುಟ್ಟುತ್ತೆ. ನಡುವಿನ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಬಲಗಿವಿಗೆ ಬರೋ ಹೊತ್ತಿಗೆ ಸದ್ದು ಸ್ವಲ್ಪ ಸಣ್ಣದೂ ಆಗಿರುತ್ತೆ, ಯಾಕಂದ್ರೆ ನಡುವೆ ನಮ್ಮ ತಲೆ ಅಡ್ಡ ಇರುತ್ತೆ. ಈ ಎರಡು ಸಣ್ಣ ವ್ಯತ್ಯಾಸ ಹಿಡಿದೇ ಮೆದುಳು "ಶತ್ರು ಎಡಕ್ಕಿದ್ದಾನೆ" ಅಂತ ಹೇಳೋದು. ಹಿಂದೆ, ಮುಂದೆ, ಮೇಲೆ, ಕೆಳಗೆ ಅನ್ನೋದನ್ನು ಹೊರಗಿವಿಯ ಮಡಿಕೆಗಳು ಸದ್ದನ್ನು ಬದಲಿಸೋ ರೀತಿಯಿಂದ ತಿಳಿಯುತ್ತೆ.

ಆಟ ತಯಾರು ಮಾಡೋರು ಇದನ್ನೇ ಲೆಕ್ಕ ಹಾಕಿ ಎಡ–ಬಲ ಎರಡು ಕಿವಿಗೂ ಬೇರೆ ಬೇರೆ ಸದ್ದು ಕಳಿಸ್ತಾರೆ. ಹಾಗಾಗಿ ಮೊಬೈಲ್ ಸ್ಪೀಕರ್‌ನಲ್ಲಿ ಆಡಿದ್ರೆ, ಇಲ್ಲಾಂದ್ರೆ ಒಂದೇ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಆಡಿದ್ರೆ, ಆ ಲೆಕ್ಕ ಎಲ್ಲ ವ್ಯರ್ಥ. ಇನ್ನೊಂದು ಸಣ್ಣ ಮಾತು: ಹೆಡ್‌ಫೋನ್ ಮೇಲೆ ಎಡ, ಬಲ ಅಂತ ಗುರುತು ಇರುತ್ತೆ. ಉಲ್ಟಾ ಹಾಕ್ಕೊಂಡ್ರೆ ಬಲಕ್ಕಿರೋ ಶತ್ರು ಎಡಕ್ಕೆ ಕೇಳಿಸ್ತಾನೆ.

ಬ್ಲೂಟೂತ್ ಹಾಡಿಗೆ ಸರಿ, ಆಟಕ್ಕೆ ಕಷ್ಟ

ಅಂಗಡಿಗಳಲ್ಲಿ ಈಗ ಜಾಸ್ತಿ ಕಾಣೋದು ಬ್ಲೂಟೂತ್ ಇಯರ್‌ಬಡ್. ಇದರಲ್ಲಿ ಸದ್ದನ್ನು ಮೊದಲು ಚಿಕ್ಕದು ಮಾಡಿ, ಗಾಳಿಯಲ್ಲಿ ಕಳಿಸಿ, ಆ ಕಡೆ ಮತ್ತೆ ಬಿಡಿಸಬೇಕು. ಅಷ್ಟಕ್ಕೆ ಸಾಮಾನ್ಯ ಇಯರ್‌ಬಡ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಆಗೋದುಂಟು. ಕೇಳೋಕೆ ಕಡಿಮೆ ಅನ್ಸುತ್ತೆ. ಆದರೆ ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡ್ತಿದ್ರೆ ಒಂದು ಫ್ರೇಮ್‌ಗೆ ಸುಮಾರು 17 ಮಿಲಿಸೆಕೆಂಡ್. ಅಂದರೆ 200 ಮಿಲಿಸೆಕೆಂಡ್ ತಡ ಆದ್ರೆ ಪರದೆ 12 ಫ್ರೇಮ್ ಮುಂದೆ ಹೋಗಿರುತ್ತೆ. ಹೆಜ್ಜೆ ಸದ್ದು ಕೇಳೋ ಹೊತ್ತಿಗೆ ಆತ ಬಾಗಿಲು ದಾಟಿ ಒಳಗೆ ಬಂದಿರ್ತಾನೆ.

"ಯೂಟ್ಯೂಬ್ ನೋಡುವಾಗ ತುಟಿಗೂ ಮಾತಿಗೂ ಸರಿಯಾಗೇ ಇರುತ್ತಲ್ಲ?" ಅಂತ ಕೇಳೋರಿದ್ದಾರೆ. ಹೌದು. ವಿಡಿಯೊದಲ್ಲಿ ಫೋನ್ ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ಎರಡನ್ನೂ ಹೊಂದಿಸುತ್ತೆ. ಆಟದಲ್ಲಿ ಚಿತ್ರ ನಿಮ್ಮ ಬೆರಳಿನ ಹಿಂದೆಯೇ ಬರಬೇಕು, ಅದನ್ನು ತಡೆದು ಇಟ್ಟುಕೊಳ್ಳೋಕೆ ಆಗಲ್ಲ.

ಎರಡನೇ ತೊಂದರೆ ಇನ್ನೂ ದೊಡ್ಡದು, ಅಂಗಡಿಯಲ್ಲಿ ಇದನ್ನು ಯಾರೂ ಹೇಳಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಮಾಡಿದ ಕೂಡಲೇ ಅದು ಫೋನ್ ಕಾಲ್ ಮೋಡ್‌ಗೆ ಹೋಗುತ್ತೆ. ಆಗ ಎರಡೂ ಕಿವಿಗೆ ಒಂದೇ ಸದ್ದು ಬರುತ್ತೆ, ಗುಣಮಟ್ಟವೂ ಬೀಳುತ್ತೆ. ಟೀಮ್ ಜೊತೆ ಮಾತಾಡಿದ್ರೆ ದಿಕ್ಕು ಹೋಯ್ತು, ದಿಕ್ಕು ಬೇಕಂದ್ರೆ ಮಾತು ಬಿಡಬೇಕು.

ಕೆಲವು ಇಯರ್‌ಬಡ್‌ಗಳಲ್ಲಿ "ಗೇಮ್ ಮೋಡ್" ಇರುತ್ತೆ. 40–60 ಮಿಲಿಸೆಕೆಂಡ್ ಅಂತ ಬಾಕ್ಸ್ ಮೇಲೆ ಬರೆದಿರ್ತಾರೆ. ಮಾಮೂಲಿಗಿಂತ ಅದು ವಾಸಿನೇ, ಆದರೆ ನಿಮ್ಮ ಫೋನಿನ ಜೊತೆ ಹೇಗೆ ನಡೆಯುತ್ತೆ ಅಂತ ಕೂತು ಆಡಿ ನೋಡಿಯೇ ಒಪ್ಪಿಕೊಳ್ಳಿ. ವೈರ್ ಬೇಡವೇ ಬೇಡ ಅನ್ನೋರು 2.4 ಗಿಗಾಹರ್ಟ್ಸ್ ಡಾಂಗಲ್ ಜೊತೆ ಬರೋ ಹೆಡ್‌ಸೆಟ್ ನೋಡಬಹುದು. ಇದರಲ್ಲಿ ತಡ ತುಂಬ ಕಡಿಮೆ, ಬೆಲೆ ಜಾಸ್ತಿ. ಡಾಂಗಲ್ ಫೋನಿನ ಟೈಪ್–ಸಿ ತೂತಿಗೆ ಹೋಗುತ್ತಾ, ಕಂಪ್ಯೂಟರಿಗೆ ಮಾತ್ರವಾ ಅಂತ ಮೊದಲೇ ಕೇಳಿ.

ಪಿನ್ನಿನ ಮೇಲೆ ಕಪ್ಪು ಗೆರೆ ಎಣಿಸಿ

3.5 ಎಂಎಂ ಪಿನ್ನಿನ ಮೇಲೆ ಕಪ್ಪು ಗೆರೆಗಳಿರುತ್ತೆ. ಮೂರು ಗೆರೆ ಇದ್ರೆ ಸದ್ದು ಮತ್ತು ಮೈಕ್ ಎರಡೂ ಒಂದೇ ಪಿನ್ನಿನಲ್ಲಿ ಅಂತ ಅರ್ಥ. ಫೋನಿಗೆ ಬೇಕಾಗಿದ್ದು ಇದು. ಎರಡೇ ಗೆರೆಯ ಎರಡು ಪಿನ್ ಇದ್ರೆ ಅದು ಹಳೆ ಕಂಪ್ಯೂಟರಿನ ಮೈಕ್ ಮತ್ತು ಸ್ಪೀಕರ್ ತೂತಿಗೆ ಮಾಡಿದ್ದು. ಫೋನಿಗೆ ಹಾಕಬೇಕಂದ್ರೆ ಎರಡನ್ನೂ ಸೇರಿಸೋ ಕನೆಕ್ಟರ್ ಬೇಕು.

ಈಗಿನ ಎಷ್ಟೋ ಫೋನುಗಳಲ್ಲಿ 3.5 ಎಂಎಂ ತೂತೇ ಇಲ್ಲ. ಅಂಥವರು ನೇರ ಟೈಪ್–ಸಿ ಇಯರ್‌ಫೋನ್ ತಗೊಳ್ಳಬಹುದು, ಇಲ್ಲ ಕನ್ವರ್ಟರ್ ಹಾಕಬಹುದು. ಕನ್ವರ್ಟರ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ತಂತಿ, ಇನ್ನೊಂದರಲ್ಲಿ ಡಿಎಸಿ ಅನ್ನೋ ಚಿಪ್. ಬರೀ ತಂತಿಯದ್ದು ಎಲ್ಲ ಫೋನಿಗೂ ನಡೆಯಲ್ಲ. ಚಿಪ್ ಇರೋದು ಸ್ವಲ್ಪ ದುಬಾರಿ, ಆದರೆ ಹೆಚ್ಚಿನ ಫೋನುಗಳಿಗೆ ಹೊಂದುತ್ತೆ. ಯಾವುದೇ ಆಗಲಿ, ನಿಮ್ಮ ಫೋನಿಗೇ ಹಾಕಿ ನೋಡಿ ದುಡ್ಡು ಕೊಡಿ. ಆಡ್ತಾ ಆಡ್ತಾ ಚಾರ್ಜಿಗೂ ಹಾಕೋ ಅಭ್ಯಾಸ ಇದ್ರೆ, ಎರಡಕ್ಕೂ ಜಾಗ ಇರೋ ಕನ್ವರ್ಟರ್ ಕೇಳಿ.

ಬಾಕ್ಸ್ ಮೇಲಿನ ದೊಡ್ಡ ಮಾತುಗಳು

7.1 ಸರೌಂಡ್: ಈ ಹೆಡ್‌ಸೆಟ್‌ಗಳಲ್ಲಿ ಬಹುಪಾಲು ಇರೋದು ಎರಡೇ ಸ್ಪೀಕರ್, ಎಡಕ್ಕೊಂದು ಬಲಕ್ಕೊಂದು. ಉಳಿದಿದ್ದು ಸಾಫ್ಟ್‌ವೇರ್ ಆಟ, ಅದೂ ಹೆಚ್ಚಾಗಿ ಕಂಪ್ಯೂಟರಿನಲ್ಲಿ ಮಾತ್ರ. ವ್ಯಾಲೊರಂಟ್‌ನಲ್ಲಿ ಆಟದ ಒಳಗೇ ದಿಕ್ಕು ತೋರಿಸೋ ಎಚ್‌ಆರ್‌ಟಿಎಫ್ ಅನ್ನೋ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಮೇಲೆ 7.1 ಕೂಡ ಆನ್ ಮಾಡಿದ್ರೆ ಸದ್ದು ಎರಡು ಸಲ ತಿರುಚಿ ಕಲಸಿಹೋಗುತ್ತೆ. ಆಟದ್ದು ಇಟ್ಟುಕೊಳ್ಳಿ, ಹೆಡ್‌ಸೆಟ್‌ದು ಆಫ್ ಮಾಡಿ.

ಎಕ್ಸ್‌ಟ್ರಾ ಬಾಸ್: ಹಾಡಿಗೆ ಚೆಂದ. ಆಟದಲ್ಲಿ ಗ್ರೆನೇಡ್, ಜೀಪಿನ ಸದ್ದು ಜಾಸ್ತಿಯಾಗಿ ಹೆಜ್ಜೆ ಸದ್ದು ಮುಳುಗುತ್ತೆ.

50 ಎಂಎಂ ಡ್ರೈವರ್: ಒಳಗಿನ ಸ್ಪೀಕರ್ ಅಗಲ ಅಷ್ಟೇ. ದೊಡ್ಡದಾದ ಮಾತ್ರಕ್ಕೆ ಒಳ್ಳೇದು ಅಂತಿಲ್ಲ. ಪುಟ್ಟ ಇಯರ್‌ಫೋನ್ 10 ಎಂಎಂ ಡ್ರೈವರ್‌ನಲ್ಲೇ ಚೆನ್ನಾಗಿ ಕೇಳಿಸುತ್ತೆ.

20ರಿಂದ 20,000 ಹರ್ಟ್ಸ್: ಮನುಷ್ಯನ ಕಿವಿ ಕೇಳೋದೇ ಹೆಚ್ಚುಕಡಿಮೆ ಇಷ್ಟು. ಎಲ್ಲ ಬಾಕ್ಸ್ ಮೇಲೂ ಇದೇ ಇರುತ್ತೆ, ಇದರಿಂದ ಏನೂ ತಿಳಿಯಲ್ಲ.

ಲೈಟ್: ಕಡಿಮೆ ಬೆಲೆಯ ಕೆಲವು ಹೆಡ್‌ಸೆಟ್‌ಗಳಲ್ಲಿ 3.5 ಎಂಎಂ ಪಿನ್ ಜೊತೆ ಯುಎಸ್‌ಬಿ ವೈರೂ ಇರುತ್ತೆ. ಅದು ಸದ್ದಿಗಲ್ಲ, ಬರೀ ಲೈಟ್ ಉರಿಸೋಕೆ. ಆಡೋರಿಗೆ ತಮ್ಮ ಕಿವಿಯ ಮೇಲಿನ ಲೈಟ್ ಕಾಣೋದೂ ಇಲ್ಲ.

ನೋಡಲೇಬೇಕಾದ ಒಂದು ಅಂಕಿ ಓಮ್. ಫೋನಿಗೆ 16ರಿಂದ 32 ಓಮ್ ಸುತ್ತಮುತ್ತ ಇದ್ರೆ ಸಾಕು. 250 ಓಮ್ ಇರೋ ಸ್ಟುಡಿಯೊ ಹೆಡ್‌ಫೋನ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಂದ್ರೆ, ಆಂಪ್ಲಿಫೈಯರ್ ಇಲ್ಲದೆ ಸದ್ದು ಸಾಲಲ್ಲ.

ದೊಡ್ಡದಾ, ಚಿಕ್ಕದಾ?

ಕಿವಿ ಪೂರ್ತಿ ಮುಚ್ಚೋ ದೊಡ್ಡ ಹೆಡ್‌ಫೋನ್‌ನಲ್ಲಿ ಫ್ಯಾನ್, ಮಿಕ್ಸಿ, ರಸ್ತೆ ಗಲಾಟೆ ಸ್ವಲ್ಪ ಕಡಿಮೆ ಆಗುತ್ತೆ. ಹಿಂಬದಿ ತೆರೆದಿರೋ ಓಪನ್–ಬ್ಯಾಕ್ ಹೆಡ್‌ಫೋನ್‌ನಲ್ಲಿ ಸದ್ದು ವಿಶಾಲವಾಗಿ ಕೇಳಿಸುತ್ತೆ ನಿಜ, ಆದರೆ ಹೊರಗಿನ ಗಲಾಟೆಯೂ ಒಳಗೆ ಬರುತ್ತೆ. ರಸ್ತೆ ಪಕ್ಕದ ಮನೆಗೆ ಮುಚ್ಚಿದ್ದೇ ಸರಿ.

ಬೇಸಿಗೆಯಲ್ಲಿ ರೆಕ್ಸಿನ್ ಕುಶನ್ ಬೆವರುತ್ತೆ, ವರ್ಷ ಎರಡು ವರ್ಷಕ್ಕೆ ಸಿಪ್ಪೆ ಏಳೋದೂ ಉಂಟು. ಬಟ್ಟೆ ಕುಶನ್‌ಗೆ ಗಾಳಿ ಆಡುತ್ತೆ. ಕನ್ನಡಕ ಹಾಕೋರು ಕನ್ನಡಕದ ಜೊತೆಗೇ ಹಾಕಿ ನೋಡಬೇಕು. ತೂಕ 300 ಗ್ರಾಂ ಒಳಗಿದ್ರೆ ಕುತ್ತಿಗೆಗೆ ಆರಾಮ.

ಕಿವಿಯೊಳಗೆ ಕೂರೋ ವೈರ್ ಇಯರ್‌ಫೋನ್ ಅಂದ್ರೆ ಕೀಳು ಅಂತ ತಿಳ್ಕೋಬೇಡಿ. ದೊಡ್ಡ ವೇದಿಕೆಯ ಕಂಪ್ಯೂಟರ್ ಗೇಮ್ ಪಂದ್ಯಗಳಲ್ಲಿ ಎಷ್ಟೋ ವೃತ್ತಿಪರ ಆಟಗಾರರು ಆಟದ ಸದ್ದು ಕೇಳೋದು ಕಿವಿಯೊಳಗಿನ ಪುಟ್ಟ ಇಯರ್‌ಫೋನ್‌ನಲ್ಲೇ. ಮೇಲೆ ಕಾಣೋ ದೊಡ್ಡ ಹೆಡ್‌ಸೆಟ್ ಜನರ ಗದ್ದಲ ತಡೆಯೋಕೆ. ಇಯರ್‌ಫೋನ್ ಜೊತೆ ಮೂರು ಸೈಜಿನ ರಬ್ಬರ್ ಬರುತ್ತೆ. ನಿಮ್ಮ ಕಿವಿಗೆ ಸರಿಯಾಗಿ ಕೂರೋದನ್ನು ಹಾಕಿಕೊಳ್ಳಿ. ಸಡಿಲ ಇದ್ರೆ ಎಷ್ಟು ದುಬಾರಿ ಇಯರ್‌ಫೋನೂ ಸಪ್ಪೆ.

ಅಂಗಡಿಯಲ್ಲೇ ಐದು ನಿಮಿಷದ ಪರೀಕ್ಷೆ

ನಿಮ್ಮ ಫೋನಿಗೇ ಹೆಡ್‌ಫೋನ್ ಹಾಕಿ. ಆಟದ ಟ್ರೈನಿಂಗ್ ಮೈದಾನಕ್ಕೆ ಹೋಗಿ ಒಂದು ಗುಂಡು ಹಾರಿಸಿ. ಬೆರಳು ಒತ್ತಿದ್ದಕ್ಕೂ ಸದ್ದಿಗೂ ಅಂತರ ಗೊತ್ತಾದ್ರೆ ಅದು ಬೇಡ. ಆಮೇಲೆ ಕಣ್ಣು ಮುಚ್ಚಿಕೊಳ್ಳಿ. ಜೊತೆಗೆ ಬಂದ ಗೆಳೆಯ ಅವನ ಫೋನಿನಿಂದ ಅದೇ ಮೈದಾನಕ್ಕೆ ಬಂದು ನಿಮ್ಮ ಸುತ್ತ ಓಡಲಿ. ಹತ್ತು ಸಲ ದಿಕ್ಕು ಹೇಳಿ, ಎಷ್ಟು ಸರಿ ಬಂತು ಅಂತ ಎಣಿಸಿ. ಎರಡು ಬೇರೆ ಬೇರೆ ಹೆಡ್‌ಫೋನ್‌ನಲ್ಲಿ ಹೀಗೆ ಮಾಡಿದ್ರೆ ವ್ಯತ್ಯಾಸ ನಿಮಗೇ ತಿಳಿಯುತ್ತೆ. ಕೊನೆಗೆ ಮೈಕ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿ ಕೇಳಿ. ಅಂಗಡಿಯ ಗಲಾಟೆಯಲ್ಲೂ ನಿಮ್ಮ ಮಾತು ಸ್ಪಷ್ಟವಾಗಿದ್ರೆ ಮನೆಯಲ್ಲೂ ಸರಿ ಇರುತ್ತೆ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ, ಸಾವಿರ ರೂಪಾಯಿ ಒಳಗೆ ಮೈಕ್ ಇರೋ ಒಳ್ಳೆ ವೈರ್ ಇಯರ್‌ಫೋನ್ ಸಿಗುತ್ತೆ. ಹೊಸದಾಗಿ ಶುರು ಮಾಡೋರಿಗೆ ಇದೇ ಸಾಕು. ಮೈಕ್ ಕಡ್ಡಿ ಇರೋ ದೊಡ್ಡ ಹೆಡ್‌ಸೆಟ್ ಬೇಕಂದ್ರೆ ಇನ್ನೂ ಸಾವಿರ, ಎರಡು ಸಾವಿರ ಹಾಕಬೇಕಾಗಬಹುದು. ಅದಕ್ಕಿಂತ ಮೇಲೆ ಕೊಡೋ ದುಡ್ಡಿನಲ್ಲಿ ಹೆಚ್ಚಿನ ಪಾಲು ಹೋಗೋದು ಆರಾಮ, ಬಾಳಿಕೆ, ಹೆಸರಿಗೆ.

ಕಿವಿ ಹೋದ್ರೆ ವಾಪಸ್ ಬರಲ್ಲ

ಇದು ಅಪ್ಪ–ಅಮ್ಮ ಓದಬೇಕಾದ ಭಾಗ. ಹೆಜ್ಜೆ ಸದ್ದು ಕೇಳಲಿ ಅಂತ ಹುಡುಗರು ವಾಲ್ಯೂಮ್ ಪೂರ್ತಿ ಏರಿಸ್ತಾರೆ. ಅದೇ ವಾಲ್ಯೂಮ್‌ನಲ್ಲಿ ಗುಂಡಿನ ಸದ್ದೂ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದ್ರೆ ವಾರಕ್ಕೆ ಬರೀ 4 ಗಂಟೆ. ಹತ್ತು ಡೆಸಿಬಲ್ ಏರಿದ್ದಕ್ಕೆ ಸಮಯ ಹತ್ತನೇ ಒಂದು ಪಾಲಾಯ್ತು. ದಿನಾ ಮೂರು ಗಂಟೆ ಆಡೋರಿಗೆ ಎರಡನೇ ದಿನವೇ ವಾರದ ಪಾಲು ಮುಗಿದುಹೋಗುತ್ತೆ.

ಒಳಗಿವಿಯಲ್ಲಿ ಸದ್ದು ಹಿಡಿಯೋ ಸೂಕ್ಷ್ಮ ಕೂದಲಿನಂಥ ಜೀವಕೋಶಗಳಿವೆ. ಅವು ಸತ್ರೆ ಮತ್ತೆ ಹುಟ್ಟಲ್ಲ. ವಾಲ್ಯೂಮ್ 60% ಒಳಗೆ ಇರಲಿ, ಗಂಟೆಗೊಮ್ಮೆ ಹೆಡ್‌ಫೋನ್ ತೆಗೆದಿಡಿ. ಹೊರಗಿನ ಗಲಾಟೆ ತಡೆಯೋ ಹೆಡ್‌ಫೋನ್ ಇದ್ರೆ ಕಡಿಮೆ ವಾಲ್ಯೂಮ್‌ನಲ್ಲೇ ಹೆಜ್ಜೆ ಕೇಳಿಸುತ್ತೆ, ಅದರ ನಿಜವಾದ ಲಾಭ ಇದೇ. ಆಟ ಮುಗಿದ ಮೇಲೆ ಕಿವಿಯಲ್ಲಿ "ಕುಯ್" ಅಂತ ಸದ್ದು ಉಳಿದ್ರೆ, ಮಾತು ಮಂದ ಕೇಳಿಸಿದ್ರೆ, ಸುಮ್ಮನೆ ಬಿಡಬೇಡಿ. ಇಎನ್‌ಟಿ ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯ ಇದೆ.

ಅಂಗಡಿಯವರಿಗೆ ಒಂದು ಮಾತು

ಒಂದು ವೈರ್ ಹೆಡ್‌ಸೆಟ್, ಒಂದು ಇಯರ್‌ಫೋನ್ ಡೆಮೊಗೆ ಬಿಚ್ಚಿಡಿ, ಒರೆಸೋಕೆ ಸ್ಪಿರಿಟ್ ಹತ್ತಿ ಇಡಿ. ಗಿರಾಕಿ ಯಾವ ಆಟ ಆಡ್ತಾರೆ, ಯಾವ ಫೋನ್ ಅಂತ ಮೊದಲು ಕೇಳಿ. ಇಷ್ಟು ಮಾಡಿದ್ರೆ ಮಾರನೇ ದಿನ "ವಾಪಸ್ ತಗೊಳ್ಳಿ" ಅಂತ ಬರೋ ಜಗಳ ಅರ್ಧ ಕಡಿಮೆ ಆಗುತ್ತೆ. ಆನ್‌ಲೈನ್‌ಗಿಂತ ನಿಮ್ಮ ಹತ್ತಿರ ಇರೋ ಹೆಚ್ಚುಗಾರಿಕೆಯೇ ಇದು: ಇಲ್ಲಿ ಹಾಕಿ ಕೇಳಿ ನೋಡಬಹುದು.

ಕೊಳ್ಳೋರು ಬಿಲ್ ಕೇಳಿ ಪಡೀರಿ, ವಾರಂಟಿ ಎಷ್ಟು ತಿಂಗಳು, ಕೆಟ್ಟರೆ ಎಲ್ಲಿಗೆ ಕೊಡಬೇಕು ಅಂತ ಬಿಲ್ ಮೇಲೇ ಬರೆಸಿಕೊಳ್ಳಿ. ವೈರ್‌ಲೆಸ್ ಹೆಡ್‌ಫೋನ್ ಆದ್ರೆ ಬಾಕ್ಸ್ ಮೇಲೆ ಬಿಐಎಸ್ ಗುರುತು ಮತ್ತು "ಆರ್" ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದ್ರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. ವಾರಂಟಿ ಇದ್ದೂ ಮಾತು ಕೇಳದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇಲ್ಲಾಂದ್ರೆ ದೂರು ನಿಲ್ಲೋದು ಕಷ್ಟ, ಅದಕ್ಕೇ ಆ ಚೀಟಿ ಬಾಕ್ಸಿನೊಳಗೇ ಜೋಪಾನವಾಗಿ ಇಟ್ಟಿರಿ.