ನಿವೇಶನ ಕೊಳ್ಳುವ ಮುನ್ನ ಜೌಗು ಪ್ರದೇಶವನ್ನು ಗುರುತಿಸಿ

ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಬಯಲು ಗೋದಾಮಿಗೋ ಸಣ್ಣ ಕೈಗಾರಿಕಾ ಘಟಕಕ್ಕೋ ತಕ್ಕ ಜಾಗವೆಂದು ತೋರಬಹುದು. ಅದೇ ಬಯಲಿನಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲಬಹುದು. ಅಂಥ ನೆಲದಲ್ಲಿ ಹೂಡಿದ ಬಂಡವಾಳಕ್ಕೆ ನೀರಿನಿಂದಲೂ ಕಾನೂನಿನಿಂದಲೂ ಅಪಾಯವುಂಟು. ಆದುದರಿಂದ ಜೌಗು ಪ್ರದೇಶವನ್ನು ಗುರುತಿಸುವುದು ಉದ್ಯಮಿಗಳಿಗೂ ಅಗತ್ಯವಾದ ತಿಳಿವಳಿಕೆ.

ಮೂರು ಲಕ್ಷಣಗಳು

ನೀರು, ಮಣ್ಣು ಮತ್ತು ಸಸ್ಯ ಇವು ಜೌಗು ಪ್ರದೇಶದ ಮುಖ್ಯ ಲಕ್ಷಣಗಳು. ನೀರು ವರ್ಷವಿಡೀ ಇರಬೇಕೆಂದಿಲ್ಲ. ಒಂದೆರಡು ಅಡಿ ಅಗೆದಾಗ ಬೂದುಬಣ್ಣದ ಮಣ್ಣಿನಲ್ಲಿ ತುಕ್ಕಿನಂತಹ ಚುಕ್ಕೆಗಳು ಕಂಡರೆ, ಅಲ್ಲಿ ಬಹುಕಾಲ ನೀರು ನಿಂತಿರುವ ಸಂಭವವಿದೆ. ಕಪ್ಪು ಎರೆಮಣ್ಣಿನಲ್ಲಿ ಈ ಗುರುತು ಸುಲಭವಾಗಿ ಕಾಣದು. ಅಲ್ಲಿ ಜೊಂಡು, ಆಪು ಮುಂತಾದ ಸಸ್ಯಗಳನ್ನೂ ಗಮನಿಸಬೇಕು.

ವರ್ಗೀಕರಣ

1971ರ ರಾಮ್ಸಾರ್ ಒಪ್ಪಂದದ ವರ್ಗೀಕರಣದಲ್ಲಿ ಕರಾವಳಿ, ಒಳನಾಡು ಹಾಗೂ ಮಾನವನಿರ್ಮಿತ ಎಂಬ ಮೂರು ಗುಂಪುಗಳಿವೆ. ನಮ್ಮ ರಾಜ್ಯದಲ್ಲಿ ಮೂರಕ್ಕೂ ಉದಾಹರಣೆಗಳುಂಟು. ಅಘನಾಶಿನಿಯ ಅಳಿವೆ ಮೊದಲನೆಯದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿ ಎರಡನೆಯದು. ಗದಗ ಜಿಲ್ಲೆಯ ಮಾಗಡಿ ಕೆರೆ ಮೂರನೆಯದು. ಅಘನಾಶಿನಿ ಮತ್ತು ಮಾಗಡಿ ಕೆರೆಗಳು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಒಂದೇ ಸ್ಥಳದಲ್ಲಿ ಹಲವು ಬಗೆಗಳು ಕೂಡಿರುವುದೂ ಉಂಟು. ಅಘನಾಶಿನಿಯ ದಡದಲ್ಲಿ ಕಾಂಡ್ಲಾ ಕಾಡು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ ಹಾಗೂ ಸಾಣಿಕಟ್ಟೆಯ ಉಪ್ಪಿನಾಗರಗಳು ಅಕ್ಕಪಕ್ಕದಲ್ಲಿವೆ.

ಬಗೆಗೆ ತಕ್ಕಂತೆ ಕಾನೂನು

ಬಗೆ ಬದಲಾದಂತೆ ಅನ್ವಯಿಸುವ ಕಾನೂನೂ ಬದಲಾಗುತ್ತದೆ. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶ ನಿಯಮಗಳು ರಾಮ್ಸಾರ್ ತಾಣಗಳಿಗೂ ಅಧಿಸೂಚಿತ ಜೌಗು ಪ್ರದೇಶಗಳಿಗೂ ಅನ್ವಯಿಸುತ್ತವೆ. ಅಲ್ಲಿ ಹೊಸ ಕೈಗಾರಿಕೆ ಸ್ಥಾಪಿಸುವಂತಿಲ್ಲ, ಇರುವುದನ್ನು ವಿಸ್ತರಿಸುವಂತಿಲ್ಲ. ಸರಾಸರಿ ಗರಿಷ್ಠ ನೆರೆಮಟ್ಟದಿಂದ 50 ಮೀಟರ್ ಒಳಗೆ, ದೋಣಿ ಕಟ್ಟೆಯ ಹೊರತು, ಶಾಶ್ವತ ಕಟ್ಟಡ ನಿಷಿದ್ಧ. ಆದರೆ ಅರಣ್ಯ ಹಾಗೂ ಕರಾವಳಿ ನಿಯಂತ್ರಣ ವಲಯದ ಜೌಗು ಪ್ರದೇಶಗಳಿಗೆ ಆಯಾ ಕಾನೂನುಗಳೇ ಅನ್ವಯ.

ಭತ್ತದ ಗದ್ದೆ, ನೀರಾವರಿಗೆಂದೇ ಕಟ್ಟಿದ ಜಲಾಶಯ, ಉಪ್ಪಿನಾಗರ ಮುಂತಾದವು 2017ರ ನಿಯಮಗಳ ವ್ಯಾಖ್ಯೆಯಿಂದ ಹೊರಗಿವೆ. ಹೀಗೆಂದು ಅಲ್ಲಿ ಎಲ್ಲಕ್ಕೂ ಅವಕಾಶವಿದೆಯೆಂದು ಭಾವಿಸಬಾರದು. ಕೆರೆಗಳ ರಕ್ಷಣೆಗಾಗಿ ರಾಜ್ಯದಲ್ಲಿ 2014ರ ಪ್ರತ್ಯೇಕ ಅಧಿನಿಯಮವೇ ಇದೆ.

ಮುಂಗಡ ಕೊಡುವ ಮುನ್ನ

ಪಹಣಿಯೊಂದನ್ನೇ ನೆಚ್ಚದೆ ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ, ರಾಜಕಾಲುವೆಗಳನ್ನು ಪರಿಶೀಲಿಸಬೇಕು. ಮಳೆಗಾಲದಲ್ಲಿ ಒಮ್ಮೆಯಾದರೂ ಸ್ಥಳವನ್ನು ನೋಡಬೇಕು. ನೀರು ಎಲ್ಲಿಯವರೆಗೆ ಬರುತ್ತದೆಂದು ನೆರೆಯ ರೈತರನ್ನು ವಿಚಾರಿಸಬೇಕು. ಈ ಪರಿಶೀಲನೆಗೆ ತಗಲುವ ವೆಚ್ಚ ಅತ್ಯಲ್ಪ. ಕಟ್ಟಡ ಮೇಲೆದ್ದ ಬಳಿಕ ತಪ್ಪು ಅರಿವಾದರೆ ತೆರಬೇಕಾದ ಬೆಲೆ ಇಡೀ ಬಂಡವಾಳವೇ ಆಗಬಹುದು.