ಸುಧಾರಣೆಯ ಪ್ರಸ್ತಾವ: ಸೋರುವ ಗಾಳಿಯ ಲೆಕ್ಕ

ಕಾರ್ಖಾನೆಯ ಉಪಕರಣಗಳನ್ನು ನಡೆಸುವ ಸಂಪೀಡಿತ ಗಾಳಿ ಕೊಳವೆಯ ಜೋಡಣೆಗಳಲ್ಲಿ ಸೋರುವುದು ಸಾಮಾನ್ಯ. ಅದನ್ನು ತಡೆಯಲು ಆಡಳಿತ ಮಂಡಳಿಯಿಂದ ಹಣ ಕೇಳಬೇಕಾಗಿದೆ ಎನ್ನಿ. ‘ವಿದ್ಯುತ್ ಉಳಿಯುತ್ತದೆ’ ಎಂದಷ್ಟೇ ಬರೆದರೆ ಯಾರೂ ಕೊಡಲಾರರು, ಕೊಡಲೂಬಾರದು. ಎಷ್ಟು ಉಳಿಯುತ್ತದೆ?

ಮೊದಲು ಅಳೆಯಿರಿ. ಗಾಳಿ ಬಳಸುವ ಉಪಕರಣಗಳೆಲ್ಲ ನಿಂತಿರುವ ರಜಾದಿನ ಕಂಪ್ರೆಸರನ್ನು ಮಾತ್ರ ಚಾಲನೆ ಮಾಡಿ. ಅದು ಪ್ರತಿ ಬಾರಿ 3 ನಿಮಿಷ ಗಾಳಿ ತುಂಬಿ, 7 ನಿಮಿಷ ಬರಿದೆ ತಿರುಗಿದರೆ, ಅದರ ಸಾಮರ್ಥ್ಯದ ಶೇಕಡಾ 30ರಷ್ಟು ಸೋರಿಕೆಗೇ ಹೋಗುತ್ತಿದೆ ಎಂದರ್ಥ.

ಇದನ್ನು ಶೇಕಡಾ 10ಕ್ಕೆ ಇಳಿಸುವುದು ನಿಮ್ಮ ಯೋಜನೆ. ಗಾಳಿ ತುಂಬುವಾಗ ಕಂಪ್ರೆಸರ್ ಬಳಸುವುದು 50 ಕಿಲೊವಾಟ್ ಎಂದಿಟ್ಟುಕೊಳ್ಳಿ. ಅದರ ಶೇಕಡಾ 20, ಅಂದರೆ 10 ಕಿಲೊವಾಟ್ ಉಳಿತಾಯ ಎಂದು ಬರೆದುಬಿಟ್ಟೀರಿ, ಎಚ್ಚರ! ಬರಿದೆ ತಿರುಗುವಾಗಲೂ ಅದು 15 ಕಿಲೊವಾಟ್ ನುಂಗುತ್ತಿದ್ದರೆ, ಎರಡರ ವ್ಯತ್ಯಾಸವಾದ 35ರಲ್ಲಿ ಶೇಕಡಾ 20 ಮಾತ್ರ, ಅಂದರೆ 7 ಕಿಲೊವಾಟ್, ನಿಜವಾದ ಉಳಿತಾಯ. ಲೆಕ್ಕಪತ್ರ ವಿಭಾಗದವರು ವಿದ್ಯುತ್ ಬಿಲ್ಲಿನಲ್ಲಿ ಹುಡುಕುವುದು ಇದನ್ನೇ.

ವರ್ಷಕ್ಕೆ 6,000 ಗಂಟೆ ಓಡಿದರೆ 42,000 ಯೂನಿಟ್; ಯೂನಿಟ್ಟಿಗೆ 7 ರೂಪಾಯಿಯಂತೆ 2,94,000 ರೂಪಾಯಿ. (ದರ ಉದಾಹರಣೆಗಷ್ಟೇ, ನಿಮ್ಮ ಬಿಲ್ಲಿನದನ್ನು ಹಾಕಿ.) ಮುಚ್ಚಿದ ಸೋರಿಕೆ ಮತ್ತೆ ಹುಟ್ಟುತ್ತದೆ. ಆದ್ದರಿಂದ ವಾರ್ಷಿಕ ತಪಾಸಣೆಗೆ 44,000 ಕಳೆಯಿರಿ. ದುರಸ್ತಿಗೆ 1,25,000 ಬೇಕಾದರೆ ಆರು ತಿಂಗಳಲ್ಲಿ ಹಣ ಮರಳುತ್ತದೆ. ದುರಸ್ತಿಯ ನಂತರ ಅದೇ ರಜಾದಿನದ ಅಳತೆಯನ್ನು ಯಾರು, ಯಾವಾಗ ಮಾಡುವರೆಂಬುದನ್ನೂ ಪ್ರಸ್ತಾವದಲ್ಲೇ ಬರೆಯಿರಿ.